ನವಿಲುಗತ್ತಿನ ನೀಲಿ

ನಿವೃತ್ತ ಸಬ್‌ಇನ್ಸ್‌ಪೆಕ್ಟರ್ ಹಾಲಪ್ಪನವರ ಕಸೂತಿ ಮಿಷನ್ನು ಬೆಳಗಿನಿಂದ ಹದಿನಾಲ್ಕು ಸಲ ದಾರ ಕಡಿದಿತ್ತು. ರವಿಕೆಯ ಮೇಲಿನ ನವಿಲಿಗೆ ಅರ್ಧ ಕತ್ತು ಬರುವಷ್ಟರಲ್ಲಿ ನೀಲಿ ರೀಲೂ ಮುಗಿಯಿತು. ಕಳ್ಳರನ್ನು ಬಯ್ಯುತ್ತಿದ್ದ ಮಾತುಗಳಲ್ಲೇ ಮಿಷನ್ನನ್ನು ಬಯ್ದು, ದಾರದಂಗಡಿಗೆ ನಡೆದರು.

“ಇದೇ ನೀಲಿ ಎರಡು ರೀಲು ಕೊಡಮ್ಮ, ನಮ್ಮ ಮನೆಯವಳಿಗೆ.”

ಮೂರು ವರ್ಷದಿಂದ ಹೇಳುತ್ತಿದ್ದ ಸುಳ್ಳದು. ಹೊಲಿಯುವವರು ತಾವೇ ಎಂದು ಠಾಣೆಯವರಿಗೆ ತಿಳಿದರೆ ತಮ್ಮ ಮೀಸೆಯ ಮರ್ಯಾದೆ ಉಳಿಯುತ್ತಿರಲಿಲ್ಲ.

“ಎರಡು ಎಲ್ಲಿ ಸಾಲುತ್ತೆ ಸಾರ್?” ಎಂದಳು ಅಂಗಡಿಯಾಕೆ.

“ಇರೋದು ಒಂದೇ ನವಿಲು.”

“ಮೇಡಂ ನಿಮಗೆ ಹೇಳಿಲ್ವಾ? ‘ಎಲ್ಲಾ ನನ್ನ ಕೈಕೆಲಸ, ಸೋಮವಾರ ಕೊಡ್ತೀನಿ’ ಅಂತ ನಿನ್ನೆ ಮಹಿಳಾ ಮಂಡಳಿಯಲ್ಲಿ ಇಪ್ಪತ್ತೆರಡು ನವಿಲು ಒಪ್ಕೊಂಡಿದ್ದಾರೆ.”