ಎರಡನೆಯ ಚೀಟಿ

ಎರಡು ಚೀಟಿಗಳಲ್ಲೂ ನಳಿನಾಕ್ಷಿ ‘ಬೇಡ’ ಎಂದೇ ಬರೆದಳು. ಕ್ಯಾಲೆಂಡರಿನ ಹಳೆಯ ಹಾಳೆಯಿಂದ ಹರಿದ ತುಂಡುಗಳನ್ನು ಒಂದೇ ಅಳತೆಗೆ ಮಡಚಿ, ಕುಂಕುಮ ಹಚ್ಚಿ, ಅಡುಗೆಮನೆಯ ಮೂಲೆಯ ದೇವರ ಮುಂದೆ ಹಿತ್ತಾಳೆ ತಟ್ಟೆಯಲ್ಲಿಟ್ಟಳು. ಮಗಳು ಪೂಜಿತಾಳಿಗೆ ಪುಣೆಯಲ್ಲಿ ಎಂ.ಎ. ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಮೇತ. ಬರುತ್ತೇನೆಂದು ತಿಳಿಸಲು ಆ ಭಾನುವಾರ ಸಂಜೆಯೇ ಕೊನೆ. ಮುಂಬೈ ಪಕ್ಕದ ಡೊಂಬಿವಲಿಯ ಈ ಮನೆ ಬಿಟ್ಟು ಹುಡುಗಿ ಒಂದು ರಾತ್ರಿಯೂ ಬೇರೆಲ್ಲೂ ಮಲಗಿದವಳಲ್ಲ.

ಮನೆಯ ದೊಡ್ಡ ವಿಷಯಗಳನ್ನೆಲ್ಲ ದೇವರೇ ತೀರ್ಮಾನಿಸುತ್ತಿದ್ದ. ಒಂದು ಚೀಟಿಯಲ್ಲಿ ‘ಆಗಲಿ’, ಇನ್ನೊಂದರಲ್ಲಿ ‘ಬೇಡ’. ಎತ್ತುವುದು ಗಂಡ ಜಯಶೀಲ. ಎತ್ತದೆ ಉಳಿದದ್ದನ್ನು ಬಿಡಿಸಿ ನೋಡಬಾರದು, ತುಳಸಿ ಕುಂಡದ ಮಣ್ಣಿಗೆ ಹಾಕಬೇಕು. ಅದು ನಳಿನಾಕ್ಷಿಯ ಕಟ್ಟಳೆ. ಪೂಜಿತಾ ಕೇಳಿದ ಮಾಥೇರಾನ್ ಟ್ರಿಪ್ಪು, ಸ್ಕೂಟಿ, ಐರೋಲಿಯ ಕಾಲ್ ಸೆಂಟರ್ ಕೆಲಸ, ಮೂರಕ್ಕೂ ದೇವರು ಬೇಡವೆಂದೇ ಹೇಳಿದ್ದ.

“ಅಮ್ಮ, ಸುನ್ ನಾ, ಸ್ವಲ್ಪ ಕೇಳು. ದೇವರು ಆಮೇಲೆ,” ಪೂಜಿತಾ ಕಾಗದ ಹಿಡಿದು ನೆಲದಲ್ಲಿ ಕುಳಿತಳು. ಮಧ್ಯಾಹ್ನ ಕನ್ನಡ ಸಂಘದ ಓದುಗರ ಕೂಟದಲ್ಲಿ ಅವಳು ಮಾತನಾಡಬೇಕಿತ್ತು. ಹಳೆಯ ಕಾದಂಬರಿಗಳಲ್ಲಿ ಒಬ್ಬರು ಇನ್ನೊಬ್ಬರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಬಗೆ, ಅದೇ ವಿಷಯ. “ನನ್ನ ಕನ್ನಡ ಸರಿ ಉಂಟಾ ನೋಡು ಸಾಕು.”

ನಳಿನಾಕ್ಷಿ ಬಸಳೆ ಬಿಡಿಸುತ್ತ ಕಿವಿಗೊಟ್ಟಳು. ಇಂಗ್ಲಿಷಿನ ಯಾವುದೋ ಹಳೇ ಕಾದಂಬರಿಯ ಕಥೆ. ದೊಡ್ಡ ಮನೆ, ಒಬ್ಬ ದೊಡ್ಡಮ್ಮ, ಅವಳು ಸಾಕಿದ ತಬ್ಬಲಿ ಹುಡುಗಿ. ದೊಡ್ಡಮ್ಮ ಒಮ್ಮೆಯೂ ಬೇಡ ಎನ್ನುವವಳಲ್ಲ, ಯಾವುದಕ್ಕೂ ‘ನಿನ್ನ ಇಷ್ಟ’ ಎನ್ನುವವಳು. ಆದರೆ ಚಾವಡಿಯಲ್ಲೊಂದು ಗಡಿಯಾರವಿತ್ತು. ಅದು ನಿಂತ ದಿನ ಹೊಸ್ತಿಲು ದಾಟಿದರೆ ಕೇಡೆಂದು ಆ ಮನೆಯ ನಂಬಿಕೆ. ಹುಡುಗಿ ಹೊರಟ ದಿನವೇ ಪ್ರತಿಸಲ ಅದು ನಿಲ್ಲುತ್ತಿತ್ತು.

“ಗಡಿಯಾರಕ್ಕೆ ಕೀ ಕೊಡುದು ಯಾರು?”

“ದೊಡ್ಡಮ್ಮನೇ. ಕೀ ಅವಳ ಸೊಂಟದಲ್ಲಿ.”

“ಅಬ್ಬ, ಎಂಥ ಹೆಂಗಸು ಮಾರಾಯ್ತಿ!” ನಳಿನಾಕ್ಷಿ ದಂಟನ್ನು ಲಟಕ್ಕನೆ ಮುರಿದಳು. “ಆ ಹುಡುಗಿಗೆ ಗೊತ್ತೇ ಆಗುದಿಲ್ವಾ? ಅಷ್ಟು ಪೆದ್ದಾ?”

“ಗೊತ್ತುಂಟು. ಯಾವಾಗಲೋ ಗೊತ್ತಾಗಿದೆ. ಹೇಳಿದ್ರೆ ದೊಡ್ಡಮ್ಮನಿಗೆ ಮುಖ ಎತ್ಲಿಕ್ಕೆ ಆಗುದಿಲ್ಲ ಅಂತ ಸುಮ್ಮನಿರ್ತಾಳೆ.”

ಪೂಜಿತಾ ಕಾಗದದಿಂದ ತಲೆ ಎತ್ತಲಿಲ್ಲ. ನಳಿನಾಕ್ಷಿಯ ಕಣ್ಣು ಕಿಟಕಿಯ ಗ್ರಿಲ್ಲಿನ ತುಳಸಿ ಕುಂಡದ ಕಡೆ ಹೋಯಿತು. ದೀಪಾವಳಿಗೆ ಆ ಕುಂಡದ ಮಣ್ಣು ಬದಲಿಸಿದವಳು ಪೂಜಿತಾ. ಸ್ಕೂಟಿಯ ಎರಡನೆಯ ಚೀಟಿ ಆ ಮಣ್ಣಿಗೆ ಬಿದ್ದು ಆಗಿನ್ನೂ ವಾರವಾಗಿರಲಿಲ್ಲ.

“ಕೊನೆಗೆ ಎಂತ ಆಗ್ತದೆ?”

“ಅಲ್ಲೇ ಮುದುಕಿ ಆಗ್ತಾಳೆ. ದೊಡ್ಡಮ್ಮ ಸತ್ತ ಮೇಲೆ ಕೀ ಅವಳ ಸೊಂಟಕ್ಕೆ ಬರ್ತದೆ.” ಪೂಜಿತಾ ಕಾಗದ ಮಡಚಿದಳು. “ನನ್ನ ಕನ್ನಡ ಹೇಗುಂಟು?”

“ಕನ್ನಡ ಸರಿ ಉಂಟು,” ನಳಿನಾಕ್ಷಿ ಮೊಣಕಾಲು ಹಿಡಿದು ಎದ್ದಳು. “ದೀಪದ ಬತ್ತಿ ನೋಡಿ ಬರ್ತೇನೆ.”

ಅಡುಗೆಮನೆಯಿಂದ ಕಾಗದ ಹರಿದ ಸದ್ದು ಬಂತು. ಜಯಶೀಲ ಪೇಪರಿನಿಂದ ಮುಖ ಎತ್ತಿ ಮಗಳನ್ನು ನೋಡಿದ. ಅವಳು ಬಸಳೆಯ ಎಲೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಬತ್ತಿಗೆ ಅಷ್ಟು ಹೊತ್ತು ಬೇಡ. ಕೊನೆಗೂ ಕರೆ ಬಂತು.

“ಬನ್ನಿ, ಎತ್ತಿ.”

ಥಾಣೆ ಊರಿನ ಹೋಟೆಲಿನಲ್ಲಿ ವಾರವಿಡೀ ಹಣದ ಗಲ್ಲೆಯ ಮುಂದೆ ಕೂರುವ ಜಯಶೀಲನಿಗೆ ಸೊಂಟ ನೋವು. ಬಗ್ಗುತ್ತಾ ಗೊಣಗಿದ, “ಯಾವುದು ಎತ್ತಿದ್ರೂ ಒಂದೇ ಅಲ್ವಾ?”

“ಬಾಯಿ ಮುಚ್ಚಿ ಎತ್ತಿ.”

ಅವನು ಚೀಟಿ ಬಿಡಿಸಿದ. ಓದಿದ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೊಮ್ಮೆ ಓದಿದ.

“ಆಗಲಿ,” ಎಂದ. ಅವನ ದನಿ ಅವನಿಗೇ ನಂಬಿಕೆ ಬಾರದ ಹಾಗಿತ್ತು.

ಪೂಜಿತಾ ಗೋಡೆಗೊರಗಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಮಗಳು ಹೊರಟರೆ ಅತ್ತುಬಿಡುತ್ತೇನೇನೋ ಎಂದು ಹೆದರಿದ್ದ ನಳಿನಾಕ್ಷಿಗೆ ಅಳು ಬರಲಿಲ್ಲ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಅರ್ಧ ಜನ ಥಾಣೆಯಲ್ಲಿ ಇಳಿದ ಮೇಲೆ ಕೈ ಕಾಲು ತನ್ನವೆಂದು ಗೊತ್ತಾಗುವುದುಂಟಲ್ಲ, ಹಾಗಾಯಿತು ಅವಳಿಗೆ. ಚಾಪೆ, ಚಾದರ, ಉಪ್ಪಿನಕಾಯಿ ಬಾಟಲಿ, ಏನೇನು ಕಟ್ಟಿಕೊಡಬೇಕು ಎಂಬ ಲೆಕ್ಕ ಆಗಲೇ ತಲೆಯಲ್ಲಿ ಶುರುವಾಗಿತ್ತು.

ಪೂಜಿತಾ ಎದ್ದು ಫೋನಿನಲ್ಲಿ ಪುಣೆಗೆ ಒಪ್ಪಿಗೆ ಕಳಿಸಿದಳು. ಆಮೇಲೆ ರೂಢಿಯಂತೆ ಉಳಿದ ಚೀಟಿಯನ್ನು ತುಳಸಿ ಕುಂಡದ ಹತ್ತಿರ ಒಯ್ದವಳು ಅಲ್ಲೇ ನಿಂತಳು.

“ಅಮ್ಮ, ಇದನ್ನು ಬಿಡಿಸ್ಲಾ?”

ನಳಿನಾಕ್ಷಿ ಬಸಳೆಯನ್ನು ತೊಳೆಯಲು ನಲ್ಲಿ ತಿರುಗಿಸಿದಳು. ಬೇಡ ಎನ್ನಲಿಲ್ಲ.

ಚೀಟಿ ಬಿಡಿಸಿದ ಸದ್ದು ನೀರಿನಲ್ಲಿ ಮುಳುಗಿತು. ಆಮೇಲೆ ಪೂಜಿತಾಳ ನಗು ಕೇಳಿತು, ಮೂಗಿನಲ್ಲಿ ನೀರಿಳಿದವರ ನಗು. “ಅಪ್ಪ, ಇಲ್ಲಿ ನೋಡು! ಇದರಲ್ಲೂ ‘ಆಗಲಿ’ ಅಂತಲೇ ಉಂಟು! ಅಮ್ಮ, ಇದೂ ಮೋಸವೇ ಅಲ್ವಾ?”

“ಮತ್ತೆಂತ ಮಾಡುದು?” ನಳಿನಾಕ್ಷಿ ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಇಷ್ಟು ದೊಡ್ಡ ವಿಷಯವನ್ನು ದೇವರ ಕೈಗೆ ಬಿಡ್ಲಿಕ್ಕಾಗ್ತದಾ?”