ಹವಾಕಂಬಕ್ಕೆ ಸಾಂಬ್ರಾಣಿ

ಹುಣಸೇಮರದ ಗೇಟಿನಲ್ಲಿ ಪಿಳ್ಳಮ್ಮನನ್ನೂ ಅವಳ ಗಂಡ ಪಾಪಣ್ಣನನ್ನೂ ಹತ್ತಿಸಿಕೊಂಡೆ, ಬಸ್ಸು ಮತ್ತೆ ಹೊರಡಲಿಲ್ಲ.

ನೆತ್ತಿ ಸುಡುವ ಬಿಸಿಲು. ದೂರದ ಗುಡ್ಡದ ಮೇಲಿನ ಮೇಕೆಗಳೂ ಕಾಣುತ್ತಿದ್ದವು. ಡ್ಯಾಶ್‌ಬೋರ್ಡ್ ಮಾತ್ರ 'ದಟ್ಟ ಮಂಜು, ದಯವಿಟ್ಟು ಕಾಯಿರಿ' ಎಂದು ಒಂದೇ ಸಮನೆ ಒದರುತ್ತಿತ್ತು. ರಸ್ತೆಬದಿಯಲ್ಲಿ ನಿಂತು ಹವಾಮಾನ ನೋಡುವ ಹವಾಕಂಬ 'ಮಂಜು' ಎಂದರೆ ಮುಗಿಯಿತು, ಯಾವ ಗಾಡಿಯ ಇಂಜಿನ್ನೂ ಸ್ಟಾರ್ಟ್ ಆಗುವುದಿಲ್ಲ.

"ಎಲ್ಲೈತಣ್ಣ ಮಂಜು?" ಎಂದಳು ಪಿಳ್ಳಮ್ಮ. ಪಾಪಣ್ಣ ಊದಿದ ಮುಖವನ್ನು ಕಿಟಕಿಗೆ ಆನಿಸಿ ಕೂತಿದ್ದ. ಹೋದ ಸಲವೂ ಇಲ್ಲೇ ಹೀಗೇ ಸಿಕ್ಕಿಹಾಕಿಕೊಂಡು ಅವನ ಡಯಾಲಿಸಿಸ್ ಸರದಿ ತಪ್ಪಿತ್ತು.

ಸಹಾಯವಾಣಿಗೆ ಫೋನ್ ಮಾಡಿದೆ.

"ಕಂಬ ಸುಳ್ಳು ಹೇಳಲ್ಲ ಸಾರ್."

"ನನ್ನ ಕಣ್ಣು ಸುಳ್ಳು ಹೇಳ್ತದೇನ್ರೀ?"

ಫೋನ್ ಇಟ್ಟೇಬಿಟ್ಟರು. ಬೈದುಕೊಳ್ಳುತ್ತಾ ಇಳಿದು ಕಂಬದ ಹತ್ತಿರ ಹೋದೆ. ಈ ಕಂಬಗಳು ಬಂದ ಮೇಲೆ ಅಪಘಾತಗಳು ನಿಂತವೆಂದು ಸುತ್ತಲಿನ ಹಳ್ಳಿಯವರು ಅವಕ್ಕೆ ಅರಿಶಿನ ಕುಂಕುಮ ಹಚ್ಚುವುದು ಹೊಸದಲ್ಲ. ಆದರೆ ಇವತ್ತು ಕಂಬದ ಬುಡದಲ್ಲಿ ಕೆಂಡ ತುಂಬಿದ ಮಣ್ಣಿನ ಬಟ್ಟಲಿತ್ತು. ಅದರ ಸಾಂಬ್ರಾಣಿ ಹೊಗೆ ನೇರವಾಗಿ ಮಂಜು ನೋಡುವ ಕ್ಯಾಮೆರಾಕ್ಕೇ ನುಗ್ಗುತ್ತಿತ್ತು.

"ಯಾರ್ರೀ ಇದನ್ನ ಇಟ್ಟೋರು?" ಎಂದು ಕಿರುಚಿ ಒದೆಯಲು ಕಾಲೆತ್ತಿದೆ.

ಪಿಳ್ಳಮ್ಮ ಬಸ್ಸಿನಿಂದ ಓಡಿ ಬಂದು ಬಟ್ಟಲಿಗೆ ಅಡ್ಡ ನಿಂತಳು.

"ಒದೀಬೇಡಣ್ಣ, ನಾನೇ ಇಟ್ಟಿದ್ದು. ಹೋದ ಸಲ ಹಾಕಿದ್ದು ಸಾಲದೆ ದಾರಿ ಬಿಡ್ಲಿಲ್ಲವಲ್ಲ, ಅದಕ್ಕೇ ಇವತ್ತು ಜಾಸ್ತಿ ಹಾಕಿದ್ದೀನಿ."