ಮಾಸ್ತರರ ಸಣ್ಣ ಲೇತ್

ನನ್ನ ಸಿಟ್ಟಿಗೆ ಹೆದರಿ ವರ್ಕ್‌ಶಾಪಿಗೆ ಬರುವವರೇ ಕಡಿಮೆ. ಮಾಸ್ತರರು ಮಾತ್ರ ಐತವಾರ ತಪ್ಪಿಸುತ್ತಿರಲಿಲ್ಲ. ಹವ್ಯಾಸಕ್ಕೆಂದು ಮನೆಯಲ್ಲಿ ಇಟ್ಟುಕೊಂಡ ಕಬ್ಬಿಣ ಕಡೆಯುವ ಅವರ ಸಣ್ಣ ಲೇತಿಗೆ ಅಂಗಡಿಯಲ್ಲಿ ಸಿಗುವ, ಉಳಿ ಕೂರಿಸುವ ಟೂಲ್ ಹೋಲ್ಡರ್ ಹೊಂದುವುದಿಲ್ಲವಂತೆ. ಅದಕ್ಕೇ ಅಳತೆ ಕೊಟ್ಟು ನನ್ನಿಂದ ಮಾಡಿಸುತ್ತಿದ್ದರು.

“ಮಿಸ್ತ್ರಿ, ಮತ್ತ ಬಿಗಿ ಆಗೇತಿ. ಕುಂದ್ರವಲ್ದು.”

“ಹೋದ ವಾರ ತಿಕ್ಕಿ ಕೊಟ್ಟೇನಲ್ರೀ! ನಿಮ್ಮ ಲೇತ್ ಬಸುರಾಗೇತೇನ್ರಿ, ವಾರಾ ವಾರಾ ಉಬ್ಬಾಕ?”

ಅವರು ನಕ್ಕು ಸ್ಟೂಲ್ ಎಳೆದುಕೊಂಡರು. ನಾನು ಅರ ಹಿಡಿದು ಹೋಲ್ಡರಿನ ಸಂದನ್ನು ತಿಕ್ಕುವಷ್ಟು ಹೊತ್ತೂ ಮಾತಾಡಿದರು. ಚಹಾ ಕುಡಿದು ಹೋದರು.

ಮುಂದಿನ ಐತವಾರ ಮತ್ತೆ ಅದೇ ಹೋಲ್ಡರ್, ಅದೇ ದೂರು. ನನ್ನ ಕೆಲಸಕ್ಕೆ ಹೆಸರಿಟ್ಟರೆ ನನಗೆ ತಡೆಯುವುದಿಲ್ಲ.

“ನಡೀರಿ ನಿಮ್ಮ ಮನೀಗೆ. ನಿಮ್ಮ ಲೇತಿಗೇ ಕುಂದರ್ಸಿ ತೋರಿಸ್ತೇನಿ.”

“ಬ್ಯಾಡ ಬಿಡ್ರಿ, ಯಾಕ ತ್ರಾಸ...”

ಅಳತೆ ನೋಡುವ ವರ್ನಿಯರ್ ಜೇಬಿಗಿಟ್ಟುಕೊಂಡು ನಾನೇ ಮುಂದೆ ನಡೆದೆ.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಿಟಕಿಯ ಪಕ್ಕ ದಪ್ಪ ಹಲಗೆಯ ಮೇಜು. ಅದರಲ್ಲಿ ಲೇತ್ ಬಿಗಿದಿದ್ದ ಬೋಲ್ಟುಗಳ ತೂತುಗಳಿದ್ದವು, ಲೇತ್ ಇರಲಿಲ್ಲ. ಅದರ ಜಾಗದಲ್ಲಿ ನಾನು ಮಾಡಿಕೊಟ್ಟ ಹೋಲ್ಡರುಗಳನ್ನು ಒರೆಸಿ ಸಾಲಾಗಿ ಇಟ್ಟಿದ್ದರು.

“ಕೈ ನಡುಗಾಕ ಹತ್ತಿದ್ವು. ಹೋದ ವರ್ಷನ ಮಾರಿಬಿಟ್ಟೆ,” ಎಂದು ಮಾಸ್ತರರು ನೆಲ ನೋಡಿದರು.

ಅವರ ಕೈಯಲ್ಲಿದ್ದ ಹೋಲ್ಡರನ್ನು ಕಸಿದುಕೊಂಡು ವರ್ನಿಯರ್ ಹಚ್ಚಿದೆ. ವಾರ ವಾರ ತಿಕ್ಕಿದ್ದಕ್ಕೆ ಅದು ಪೂರ್ತಿ ಸಡಿಲಾಗಿತ್ತು.

“ಖರೇ ಐತ್ರೀ ಮಾಸ್ತರ,” ಎಂದೆ. “ಇನ್ನೂ ಬಿಗಿ ಐತಿ. ಬರೂ ಐತವಾರ ತಗೊಂಡ ಬರ್ರಿ.”